ಕಲ್ಯಾಣದುರ್ಗದ ಅಳಿಯ

ಕಾಲೇಜಿನ ಪಟ್ಟಿಯಲ್ಲಿ ಬನಶಂಕರಿಯ ಹೆಸರಿರಲಿಲ್ಲ.

ಹಿಂದೂಪುರದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಗ ಅವಳಿಗೆ ಕ್ಷಯ ಬಂತು. ಆಗ ಮನೆಯಲ್ಲಿ ಅಕ್ಕನಿಗೆ ಗಂಡು ನೋಡುತ್ತಿದ್ದರು. ವಿಷಯ ತಿಳಿದರೆ ಸಂಬಂಧ ಮುರಿಯುತ್ತದೆಂದು ಹೆದರಿದ ಅಪ್ಪ ಕೇಶವಯ್ಯ ಕಾಲೇಜಿಗೆ ಹೋಗಿ, ಬನಶಂಕರಿಗೆ ಮದುವೆಯಾಯಿತು, ಅಳಿಯ ಕಲ್ಯಾಣದುರ್ಗದವನು ಎಂದು ಹೇಳಿ ಹೆಸರು ತೆಗೆಸಿ ಬಂದ. ಅಕ್ಕನ ಮದುವೆಯೇನೋ ಆಯಿತು. ಬೀಗರಿಗೆ ಕ್ಷಯದ ವಿಷಯ ಮೊದಲೇ ಗೊತ್ತಿತ್ತು, ಅವರಿಗೆ ಅದರಿಂದ ಏನೂ ಅಡ್ಡಿಯಿರಲಿಲ್ಲ. ಬನಶಂಕರಿಗೂ ವಾಸಿಯಾಯಿತು. ಸುಳ್ಳು ಮಾತ್ರ ಹಾಗೇ ಉಳಿಯಿತು.

ಮರುವರ್ಷ ಜೂನಿನಲ್ಲಿ ಆರೋಗ್ಯ ಕಾರ್ಯಕರ್ತೆ ನಾರಮ್ಮ ಮನೆಗೆ ಬಂದಾಗ ಬನಶಂಕರಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು.

"ಮಾತ್ರೆ ಮುಗೀತು, ಕಫ ಪರೀಕ್ಷೆನೂ ಸರಿಯಾಗಿ ಬಂತು. ಕಾಲೇಜಿಗೆ ಯಾವತ್ತು ಹೋಯ್ತೀಯಮ್ಮ?"

ಮಗ್ಗದಲ್ಲಿದ್ದ ಕೇಶವಯ್ಯ ತಲೆ ಎತ್ತಲಿಲ್ಲ. "ಜೊತೆಯೋರೆಲ್ಲ ಮೂರನೇ ವರ್ಷಕ್ಕೆ ಹೋದ್ರು. ಇವಳು ಚಿಕ್ಕೋರ ಜೊತೆ ಕೂತ್ಕೋಬೇಕಾ? ನೂಲು ಸುತ್ಲಿ, ಸಾಕು."

"ಎಳೆ ಕಡಿದ್ರೆ ನೀನು ಮಗ್ಗಾನೇ ಮಾರ್ಬುಡ್ತೀಯಾ, ಕೇಶವಣ್ಣ?"

"ಅದು ಬೇರೆ ಕಣಮ್ಮ."

ಅವನ ಹೆಂಡತಿ ಪದ್ಮಾವತಮ್ಮ ಅಡುಗೆಮನೆಯಿಂದಲೇ ಹೇಳಿದಳು: "ನಾಚ್ಕೆ ಕಣೇ ನಾರಮ್ಮ. ಪ್ರಿನ್ಸಿಪಾಲ್ರ ಮುಂದೆ ಇಲ್ದಿರೋ ಅಳಿಯನ್ನ ಹುಟ್ಟಿಸಿ ಬಂದವ್ರಲ್ಲ ನಿಮ್ಮಣ್ಣ."

ನಾರಮ್ಮ ನಕ್ಕಳು, ಆದರೆ ಬಿಡಲಿಲ್ಲ. "ಕಾಯ್ಲೆ ವಾಸಿಯಾಯ್ತು ಅಂತ ಡಾಕ್ಟ್ರು ಸರ್ಟಿಫಿಕೇಟ್ ಕೊಡ್ತಾರೆ. ತಗೊಂಡು ಹೋಗಿ ನಿಜ ಹೇಳಿ. ತಿರ್ಗಾ ಸೇರೋಕೆ ದಾರಿ ಇದ್ಯಾ ಅಂತ ಕೇಳಿ. ಕೇಳ್ದೇನೇ ಇಲ್ಲ ಅಂದ್ಕೊಂಡ್ರೆ ಹೆಂಗೆ?"

ಬನಶಂಕರಿ ರಾಟೆ ನಿಲ್ಲಿಸಿದಳು. "ಅಪ್ಪಾ, ನಾನು ಬ್ಯಾಂಕ್ ಪರೀಕ್ಷೆ ಬರೀಬೇಕು. ಅದಕ್ಕೆ ಡಿಗ್ರಿ ಬೇಕು. ನೀನು ಜೊತೆಗೆ ಬರ್ದೇ ಇದ್ರೆ ನಾನೊಬ್ಳೇ ಹೋಯ್ತೀನಿ. ಅಳಿಯ ಎಲ್ಲಿ ಅಂದ್ರೆ, ನಮ್ಮಪ್ಪನ್ನೇ ಕೇಳಿ ಅಂತೀನಿ."

ಸರ್ಟಿಫಿಕೇಟ್ ತೆಗೆದುಕೊಂಡು ಕೇಶವಯ್ಯ ಮಗಳ ಜೊತೆ ಕಾಲೇಜಿಗೆ ಹೊರಟ.

ಪ್ರಿನ್ಸಿಪಾಲರಿಗೆ ಅವನ ನೆನಪಿತ್ತು. "ಅಲ್ಲುಡು ಎಲಾ ಉನ್ನಾಡು?" ಎಂದು ತೆಲುಗಿನಲ್ಲಿ ಅಳಿಯನ ಕ್ಷೇಮ ವಿಚಾರಿಸಿದರು.

"ಇಲ್ಲ ಸಾರ್," ಎಂದ ಕೇಶವಯ್ಯ.

ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ಪಾಪ. ಯಾವಾಗ?"

"ಇರ್ಲೇ ಇಲ್ಲ ಸಾರ್."

ಬನಶಂಕರಿ ನಗು ತಡೆಯಲಾಗದೆ ಕಿಟಕಿಯತ್ತ ತಿರುಗಿದಳು. ಕೇಶವಯ್ಯ ಎಲ್ಲವನ್ನೂ ಹೇಳಿದ. ಪ್ರಿನ್ಸಿಪಾಲರು ಸರ್ಟಿಫಿಕೇಟನ್ನು ಓದಿ ಕನ್ನಡದಲ್ಲೇ ಬೈದರು: "ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೇ ಕ್ಲಾಸಿಗೆ ಹೋಗಬಹುದಿತ್ತು ಅಂತ ಡಾಕ್ಟರು ಬರೆದಿದ್ದಾರಲ್ಲ. ಅವತ್ತೇ ನಿಜ ಹೇಳಿದ್ದರೆ ಹಾಜರಿಗೆ ವಿನಾಯಿತಿ ಕೇಳಬಹುದಿತ್ತು. ಈಗ ಎರಡನೇ ವರ್ಷಕ್ಕೇ ಮತ್ತೆ ಸೇರಬೇಕು."

ಬನಶಂಕರಿ ಸೇರಿದಳು. ಚಿಕ್ಕವರೆಲ್ಲ ಅವಳನ್ನು ಅಕ್ಕಾ ಎನ್ನುತ್ತಾರೆ, ಲೆಕ್ಕ ತಿಳಿಯದಿದ್ದರೆ ಅವಳ ಹತ್ತಿರವೇ ಬರುತ್ತಾರೆ.

ನಿಮ್ಮ ಮನೆಯಲ್ಲೂ ಕಾಯಿಲೆಯಿಂದ ಓದು ನಿಂತವರಿದ್ದಾರೆಯೇ? ಮುಚ್ಚಿಡಬೇಡಿ. ಕಾಲೇಜಿಗೆ ತಕ್ಷಣ ತಿಳಿಸಿ, ಆಸ್ಪತ್ರೆಯ ಚೀಟಿಗಳನ್ನು ಎತ್ತಿಡಿ, ವಾಸಿಯಾದ ಮೇಲೆ ಹೋಗಿ ಬಾಯಿಬಿಟ್ಟು ಕೇಳಿ. ಬನಶಂಕರಿಗೆ ಕಾಯಿಲೆಯಿಂದ ಹೋದದ್ದು ಎರಡು ತಿಂಗಳು. ಸುಳ್ಳಿನಿಂದ ಹೋದದ್ದು ಒಂದು ವರ್ಷ.