ನಾಲ್ಕಿಂಚು ಎತ್ತರದ ಎಲೆ ಗಾಡಿ

ಬಾಳೆ ಎಲೆಯ ವ್ಯಾಪಾರ ಹೇಮಶ್ರೀಗೆ ಅತ್ತೆಯಿಂದ ಬಂದದ್ದು; ಗಾಡಿ ಓಡಿಸುವ ಹುಚ್ಚು ಮಾತ್ರ ಅವಳದೇ. ಅತ್ತೆ ನರಸಮ್ಮ ಗಾಂಧಿ ಬಜಾರಿನ ಮೂಲೆಯೊಂದರಲ್ಲಿ ಮೂವತ್ತು ವರ್ಷ ಕೂತು ಎಲೆ ಮಾರಿದವರು. ಸೊಸೆ ಬಂದ ಮೇಲೆ ಮನೆಗೆ ಹಳೆಯದೊಂದು ಪಿಕಪ್ ಬಂತು. ಬಸವನಗುಡಿ, ಚಾಮರಾಜಪೇಟೆಯ ಮದುವೆ ಮಂಟಪಗಳಿಗೆಲ್ಲ ಹೇಮಶ್ರೀಯೇ ಎಲೆ ಮುಟ್ಟಿಸತೊಡಗಿದಳು.

ಎಲೆ ಬರುವುದು ಕನಕಪುರದ ಆಚೆ ಕಾಳಪ್ಪನವರ ತೋಟದಿಂದ. ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರು ಒಳಗೆ ಹೋಗಬೇಕು. ಹೋದ ವರ್ಷದ ಮಳೆ ಆ ದಾರಿಯ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಬರೀ ಕಲ್ಲು ಉಳಿಸಿತ್ತು. ಒಂದು ಸಲ ಕಲ್ಲು ತಗುಲಿ ಗಾಡಿಯ ಇಂಜಿನ್ನಿನ ಅಡಿಯ ಆಯಿಲ್ ಚೇಂಬರು ಒಡೆದು, ಎಣ್ಣೆಯೆಲ್ಲ ದಾರಿಗೆ ಸುರಿದುಹೋಯಿತು. ಅಲ್ಲಿಂದ ಮುಂದೆ ಹೇಮಶ್ರೀ ಗಾಡಿಯನ್ನು ಟಾರು ರಸ್ತೆಯಲ್ಲೇ ನಿಲ್ಲಿಸುತ್ತಿದ್ದಳು. ಅರವತ್ತು ದಾಟಿದ ಕಾಳಪ್ಪ ಎಲೆಯ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಒಂದು ದಿನ ಕಟ್ಟಿನ ಸಮೇತ ಜಾರಿ ಬಿದ್ದರು. ಕಾಲು ಬಾತುಕೊಂಡಿತು. ಅವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೂ ಆ ಮನುಷ್ಯ, "ಎಲೆ ಹರೀಲಿಲ್ಲ ತಾನೇ?" ಎಂದು ಕೇಳಿದ್ದು ಹೇಮಶ್ರೀಯ ಎದೆಗೆ ನಾಟಿತು. ಗಾಡಿಯನ್ನು ಎತ್ತರ ಮಾಡಿಸಲೇಬೇಕೆಂದು ಅವತ್ತೇ ತೀರ್ಮಾನಿಸಿದಳು.

ಊರಾಚೆ ರಿಂಗ್ ರೋಡಿನಲ್ಲಿ ಜೀಪುಗಳಿಗೆ ಅಲಂಕಾರ ಮಾಡುವ ಹೊಸ ಅಂಗಡಿಯೊಂದಿತ್ತು. ಅಲ್ಲಿಯವರು ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ತುಂಡುಗಳನ್ನಿಟ್ಟು ಗಾಡಿಯನ್ನು ನಾಲ್ಕಿಂಚು ಮೇಲೆತ್ತಿದರು. ದಪ್ಪ ದಪ್ಪ ಟೈರು ಹಾಕಿದರು. ಗಂಡ ರವಿಕುಮಾರ್ ಮನೆ ಬಾಗಿಲಲ್ಲಿ ನಿಂತು ನೋಡಿ, "ಇದೇನ್ ಎಲೆ ಗಾಡಿನೋ, ಮಿಲಿಟರಿ ಗಾಡಿನೋ?" ಎಂದು ನಕ್ಕ. ಹೇಮಶ್ರೀಗೂ ಒಳಗೊಳಗೇ ಹೆಮ್ಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಎಲ್ಲೋ ಸರಸರ ಎನ್ನುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, "ಹೊಸ ಟೈರಲ್ವಾ ಮೇಡಂ, ಸೆಟ್ ಆಗತ್ತೆ ಬಿಡಿ" ಎಂದರು.

ಮುಂದಿನ ವಾರ, ಕಾಳಪ್ಪನವರ ಕಾಲು ಹೇಗಿದೆ ನೋಡಿ ಬರೋಣವೆಂದು ನರಸಮ್ಮನೂ ಗಾಡಿ ಹತ್ತಿದರು. ಬೆಳಗ್ಗೆ ಹತ್ತು ಗಂಟೆ. ಚಾಮರಾಜಪೇಟೆಯ ತಿರುವಿನಲ್ಲಿ ಹಿಂದಿನಿಂದ ಒಂದು ಸ್ಕೂಟರು ಬಿಡದೆ ಹಾರನ್ ಹೊಡೆಯುತ್ತಾ ಬಂದು ಗಾಡಿಗೆ ಅಡ್ಡ ನಿಂತಿತು. ಇಳಿದವರು ಬಿಳಿ ಪ್ಯಾಂಟು, ಬಿಳಿ ಶರ್ಟಿನ ವಯಸ್ಸಾದವರೊಬ್ಬರು. ಸ್ಕೂಟರಿನ ಹ್ಯಾಂಡಲಿಗೆ ಸೊಪ್ಪಿನ ಚೀಲ ನೇತಾಡುತ್ತಿತ್ತು.

"ಏನ್ರೀ ಯಜಮಾನ್ರೇ, ಹಿಂಗಾ ಅಡ್ಡ ಬರೋದು?" ಹೇಮಶ್ರೀ ಕಿಟಕಿಯಿಂದ ತಲೆ ಹೊರಹಾಕಿ ಗದರಿದಳು.

"ಬೈಯೋದು ಆಮೇಲೆ ಬೈಯಮ್ಮ. ಮೊದಲು ಇಂಜಿನ್ ಆಫ್ ಮಾಡು, ಹ್ಯಾಂಡ್ ಬ್ರೇಕ್ ಎಳಿ."

ಹಾಗೆಂದವರು ಆ ಬಿಳಿ ಬಟ್ಟೆಯಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ ಮುಂದಿನ ಚಕ್ರದ ಒಳಗೆ ಕೈ ಹಾಕಿದರು. ಹೇಮಶ್ರೀ ಗಾಬರಿಯಿಂದ ಇಳಿದಳು.

"ಇಲ್ಲಿ ಕೈ ಹಾಕು. ಏನ್ ಸಿಗತ್ತೆ ಹೇಳು."

ಅವಳ ಬೆರಳಿಗೆ ಬ್ರೇಕ್ ಎಣ್ಣೆಯ ರಬ್ಬರು ಪೈಪು ಸಿಕ್ಕಿತು. ಒಂದು ಕಡೆ ರಬ್ಬರೇ ಇರಲಿಲ್ಲ. ಒಳಗಿನ ದಾರ ಎಳೆಎಳೆಯಾಗಿ ಎದ್ದಿತ್ತು.

"ಗಾಡಿ ಎತ್ತಿದಾರೆ, ಪೈಪು ಮಾತ್ರ ಹಳೇ ಉದ್ದದ್ದೇ ಬಿಟ್ಟಿದಾರೆ. ಎಳೆದು ಬಿಗಿ ಆಗಿದೆ. ತಿರುಗಿಸ್ದಾಗೆಲ್ಲ ಈ ದಪ್ಪ ಟೈರು ಅದನ್ನ ಉಜ್ತಾ ಇದೆ. ನೀನು ತಿರುಗಿಸ್ದಾಗ ಕಾಣಿಸ್ತು ನಂಗೆ. ಇವತ್ತು ಲೋಡ್ ಹಾಕ್ಕೊಂಡು ಇಳಿಜಾರಲ್ಲಿ ಜೋರಾಗಿ ಬ್ರೇಕ್ ತುಳಿದಿದ್ರೆ ಇದು ಸಿಡಿದುಹೋಗ್ತಿತ್ತಮ್ಮ."

ಹೇಮಶ್ರೀ ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟಳು. ಗಾಡಿಯಲ್ಲಿ ಅತ್ತೆ ಕೂತಿದ್ದರಲ್ಲ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನರಸಮ್ಮ ನಿಧಾನವಾಗಿ ಇಳಿದು ಬಂದು ಆ ಹಿರಿಯರಿಗೆ ಎರಡೂ ಕೈ ಮುಗಿದರು. "ಯಾವ್ ದೇವ್ರು ಕಳ್ಸಿದ್ನಪ್ಪಾ ನಿಮ್ಮನ್ನ!"

"ದೇವ್ರಲ್ಲಮ್ಮ, ಸೊಪ್ಪು ತರಕ್ಕೆ ನಮ್ಮನೆಯವ್ರು ಕಳ್ಸಿದ್ದು," ಎಂದು ಅವರು ಬೆನ್ನಿನ ಧೂಳು ಕೊಡವಿಕೊಂಡರು.

ಹೆಸರು ಸಿದ್ದಬಸಪ್ಪ. ಸಿಟಿ ಬಸ್ಸಿನ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಬ್ರೇಕಿನ ಕೆಲಸವನ್ನೇ ಮಾಡಿ ನಿವೃತ್ತರಾದವರು. ಅವರ ಮನೆ ಅಲ್ಲೇ ಮೂರನೆಯ ಬೀದಿಯಲ್ಲಿ. ಅವರು ಮುಂದೆ ನಡೆದರು; ಹೇಮಶ್ರೀ ಗಾಡಿಯನ್ನು ಫಸ್ಟ್ ಗೇರಿನಲ್ಲೇ ತೆವಳಿಸಿಕೊಂಡು ಹೋಗಿ ಮನೆಯ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸಿದಳು. ಹೆಂಡತಿ ಜ್ಯೋತಿಲಕ್ಷ್ಮಿ ಗಂಡನ ಬಟ್ಟೆ ನೋಡಿ ಹಣೆ ಚಚ್ಚಿಕೊಂಡರು. ಹೇಮಶ್ರೀಯ ಮುಖ ನೋಡಿದ ಮೇಲೆ ಒಳಗೆ ಹೋಗಿ ಕಾಫಿ ತಂದರು.

"ಎಷ್ಟು ಎತ್ತರ ಬೇಕು ನಿಂಗೆ?" ಸಿದ್ದಬಸಪ್ಪ ಕೇಳಿದರು.

"ಕಲ್ಲು ತಗುಲ್ದೇ ಇದ್ರೆ ಸಾಕು ಸಾರ್."

"ಯಾವ ಕಲ್ಲು? ಎಷ್ಟು ಎತ್ತರದ್ದು?"

"ಅಳೆದು ನೋಡಿಲ್ಲ ಸಾರ್." ರಿಂಗ್ ರೋಡಿನವರು ಹೀಗೊಂದು ಪ್ರಶ್ನೆ ಕೇಳಿಯೇ ಇರಲಿಲ್ಲ.

"ಹಂಗಾದ್ರೆ ಹೋಗಿ ನೋಡ್ಬೇಕು," ಎಂದರು ಸಿದ್ದಬಸಪ್ಪ, ತರಕಾರಿ ಅಂಗಡಿಗೆ ಹೊರಟಷ್ಟೇ ಸಲೀಸಾಗಿ.

ಮಾರನೆಯ ದಿನ ಇಬ್ಬರೂ ಬಸ್ಸಿನಲ್ಲಿ ಕಾಳಪ್ಪನವರ ತೋಟದ ದಾರಿಗೆ ಹೋದರು. ಬಿಸಿಲಿನಲ್ಲಿ ಆ ಒಂದೂವರೆ ಕಿಲೋಮೀಟರನ್ನೂ ಸಿದ್ದಬಸಪ್ಪ ನಡೆದೇ ದಾಟಿದರು. ಎದ್ದು ನಿಂತ ಒಂದೊಂದು ಕಲ್ಲಿನ ಪಕ್ಕದಲ್ಲೂ ಕುಕ್ಕರಗಾಲಲ್ಲಿ ಕೂತು ಟೇಪಿನಲ್ಲಿ ಅಳೆದು, ಬೀಡಿ ಕಟ್ಟಿನಷ್ಟು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎರಡು ಕಲ್ಲು ಮಾತ್ರ ತೀರಾ ಎತ್ತರ. ಕಾಳಪ್ಪನವರ ಮಗಳು ತೋಟದಿಂದ ಹಾರೆ ತಂದಳು; ಹೇಮಶ್ರೀಯೂ ಆ ಹುಡುಗಿಯೂ ಸೇರಿ ಅವನ್ನು ಮೀಟಿ ಪಕ್ಕಕ್ಕೆ ಉರುಳಿಸಿದರು.

"ಇನ್ನು ಗಾಡಿ ಎರಡೇ ಇಂಚು ಎತ್ತರ ಇದ್ರೆ ಸಾಕು," ಎಂದರು ಸಿದ್ದಬಸಪ್ಪ. "ನಾಲ್ಕಿಂಚು ಎತ್ತಿದ್ರೆ ತಿರುವಲ್ಲಿ ಮಗುಚತ್ತೆ. ಆರ್.ಟಿ.ಓ.ದವ್ರ ಎಫ್.ಸಿ. ಪರೀಕ್ಷೇಲೂ ಪಾಸಾಗಲ್ಲ."

ಹೊಂಗೆಮರದ ಕೆಳಗೆ ಐದು ದಿನ ಕೆಲಸ ನಡೆಯಿತು. ಕಬ್ಬಿಣದ ತುಂಡುಗಳು ಆಚೆ ಬಂದವು. ಅವುಗಳ ಬದಲು ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಸೇರಿತು. ರಿಂಗ್ ರೋಡಿನ ಟೈರುಗಳು ವಾಪಸ್ಸಾಗಿ, ಕಂಪನಿಯವರೇ ಒಪ್ಪುವ, ಮೊದಲಿನದಕ್ಕಿಂತ ಒಂದೇ ಸೈಜು ದೊಡ್ಡ ಟೈರು ಬಂದವು. ಬ್ರೇಕಿಗೆ ಉದ್ದನೆಯ ಹೊಸ ಪೈಪು, ಚೇಂಬರಿನ ಅಡಿಗೆ ದಪ್ಪ ತಗಡಿನ ಹೊದಿಕೆ. ಬೋಲ್ಟು ಬಿಗಿ ಮಾಡುವ ಕೆಲಸವನ್ನು ಸಿದ್ದಬಸಪ್ಪ ಅವಳ ಕೈಯಲ್ಲೇ ಮಾಡಿಸಿದರು. ಒಂದು ಸರಿಯಾಗಿಲ್ಲವೆಂದರೆ ನಾಲ್ಕನ್ನೂ ಬಿಚ್ಚಿಸಿ ಮತ್ತೆ ಹಾಕಿಸಿದರು. ಮೂರನೆಯ ದಿನ ನರಸಮ್ಮ ಬಂದು ಗಾಡಿ ಹತ್ತಲು ಹೋಗಿ, ಮಂಡಿ ಹಿಡಿದುಕೊಂಡು ನಿಂತರು. ಅದನ್ನು ನೋಡಿದ ಸಿದ್ದಬಸಪ್ಪ ಯಾರಿಗೂ ಹೇಳದೆ ಸಂಜೆಯೊಳಗೆ ಬಾಗಿಲ ಕೆಳಗೆ ಒಂದು ಮೆಟ್ಟಿಲು ಬೆಸುಗೆ ಹಾಕಿಸಿದ್ದರು.

ಕೂಲಿಯ ಮಾತೆತ್ತಿದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕೊನೆಯ ದಿನ ಇಷ್ಟು ಮಾತ್ರ ಹೇಳಿದರು: "ತಿಂಗಳಿಗೊಂದ್ಸಲ ನೀನೇ ಅಡೀಗೆ ಮಲಗಿ ನೋಡ್ಬೇಕು. ಬೇರೆಯವ್ರು ನೋಡಿದೀನಿ ಅಂದ್ರೆ ನಂಬ್ಬೇಡ."

ಭಾನುವಾರ ಎಲ್ಲರೂ ಹೊರಟರು. ಗಾಡಿಯಲ್ಲಿ ಹೇಮಶ್ರೀಯ ಪಕ್ಕ ನರಸಮ್ಮ, ಜ್ಯೋತಿಲಕ್ಷ್ಮಿ. ಸಿದ್ದಬಸಪ್ಪ, ರವಿಕುಮಾರ್ ಹಿಂದಿನಿಂದ ಬಸ್ಸಿನಲ್ಲಿ ಬಂದು ಟಾರು ರಸ್ತೆಯಲ್ಲಿ ಜೊತೆಯಾದರು. ಗಾಡಿ ಟಾರು ಬಿಟ್ಟು ಕಲ್ಲು ದಾರಿಗೆ ಇಳಿಯಿತು. ಸಿದ್ದಬಸಪ್ಪ ಪಕ್ಕದಲ್ಲೇ ಬಗ್ಗಿ ನಡೆಯುತ್ತಾ ಗಾಡಿಯ ಹೊಟ್ಟೆಯನ್ನೇ ನೋಡುತ್ತಿದ್ದರು. ಹೇಮಶ್ರೀ ಫಸ್ಟ್ ಗೇರಿನಲ್ಲೇ ನಿಧಾನವಾಗಿ ಓಡಿಸಿದಳು. ಒಂದು ಕಲ್ಲೂ ತಗುಲಲಿಲ್ಲ. ಗಾಡಿ ನೇರ ಹೋಗಿ ಕಾಳಪ್ಪನವರ ಅಂಗಳದಲ್ಲಿ ನಿಂತಿತು.

ಕಾಲಿಗೆ ಪಟ್ಟಿ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದ ಕಾಳಪ್ಪ ಗೋಡೆ ಹಿಡಿದು ಎದ್ದರು. "ಬಾಗ್ಲಿಗೇ ಬಂದ್ಬಿಡ್ತಲ್ಲವ್ವಾ," ಎಂದು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

ಮಧ್ಯಾಹ್ನ ಅಲ್ಲೇ ಊಟ. ಆಗ ತಾನೇ ಕೊಯ್ದ ಎಲೆಯ ಮೇಲೆ ಮುದ್ದೆ, ಹುರುಳಿ ಸಾರು. ಹೇಮಶ್ರೀ ಕೂರದೆ ತಾನೇ ಬಡಿಸಿದಳು. ಸಿದ್ದಬಸಪ್ಪನವರ ಎಲೆಯ ಮುಂದೆ ಬಂದಾಗ ಅವಳ ಸೌಟು ನಿಂತಿತು.

"ಸಾರ್, ಅವತ್ತು ನೀವು ನಿಮ್ಮ ಪಾಡಿಗೆ ಹೋಗ್ಬಿಡ್ಬೋದಿತ್ತು. ನಾನ್ ಬೇರೆ ಬೈದೆ. ನಮ್ಮ ಅತ್ತೆ, ನಾನು, ಇಬ್ರೂ ಇವತ್ತು ಇಲ್ಲಿರೋದು..."

ಸಿದ್ದಬಸಪ್ಪ ತಲೆಯೆತ್ತಿ ನೋಡಿದರು.

"ಕಣ್ಣಿಗೆ ಬಿದ್ಮೇಲೆ ಹೋಗಕ್ಕಾಗತ್ತೇನಮ್ಮ?" ಎಂದರು ಮೆಲ್ಲಗೆ. ಆಮೇಲೆ ಮುದ್ದೆಯನ್ನು ಗುಳಿ ಮಾಡಿಕೊಂಡರು. "ಹಾಕು, ಸಾರು ಚೆನ್ನಾಗಿದೆ."

ಹೇಮಶ್ರೀ ಕಣ್ಣು ತುಂಬಿಕೊಂಡೇ ನಕ್ಕು, ಗುಳಿ ತುಂಬುವಷ್ಟು ಸಾರು ಹಾಕಿದಳು.