ಬಿಸಿ ಗೋಡೆ

ನಡುಮನೆಯ ಗೋಡೆಗೆ ಅಂಗೈ ಇಟ್ಟ ಸಾವಂತ್ರವ್ವ ಬಿಸಿ ತಾಗಿ ಕೈ ಹಿಂದಕ್ಕೆಳೆದಳು. ಒಳಗಿನ ವೈರು ಮಾವನ ಕಾಲದ್ದು; ಆಗ ಪುಣೆಯ ಈ ಮನೆಗೆ ಎರಡು ದೀಪ, ಒಂದು ಫ್ಯಾನು. ಆಮೇಲೆ ಬಂದ ಒಂದು ಏಸಿಯನ್ನು ಬಿಲ್ಲಿಗೆ ಹೆದರಿ ದಿನಕ್ಕೆ ಒಂದು ತಾಸು ಮಾತ್ರ ಹಚ್ಚುತ್ತಿದ್ದರು. ಕರೆಂಟು ಕಡಿಮೆ ತಿನ್ನುತ್ತವೆಂದು ಈಗ ಮೂರು ಹೊಸ ಏಸಿ ತಂದು, ಹಗಲೆಲ್ಲ ಆರಿಸುವುದೇ ಇಲ್ಲ.

"ದೀಪಾಲಿ, ಬಂದ್ ಮಾಡವಾ. ಗ್ವಾಡಿ ಸುಡ್ಲಿಕತ್ತದ."

ಸೊಸೆ ನಕ್ಕಳು. "ಅವು ಫೈವ್ ಸ್ಟಾರ್ ಅದಾವ್ರಿ, ಅತ್ತಿ. ಗ್ವಾಡಿಗೂ ಒಂದ್ ಏಸಿ ಹಾಕಸೂಣೇನ್ರಿ?"

"ಸ್ಟಾರ್ ಏಸಿಗೆ ಕೊಟ್ಟಾರ. ವೈರಿಗೆ ಯಾರ್ ಕೊಟ್ಟಾರ?"

ಅಷ್ಟರಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಗೋಡೆಯಾಚೆಯ ಕೋಣೆಯಲ್ಲಿ ಮೊಮ್ಮಗಳು ಮಲಗಿದ್ದಳು. ಸಾವಂತ್ರವ್ವ ಮೇನ್ ಸ್ವಿಚ್ಚು ಕೆಳಗೆಳೆದಳು. ಗೊಣಗುತ್ತ ಬಂದ ದೀಪಾಲಿ ಗೋಡೆ ಮುಟ್ಟಿದವಳೇ ಚೀರಿ, ಮಗುವನ್ನು ಎತ್ತಿಕೊಳ್ಳಲು ಒಳಗೆ ಓಡಿದಳು.