ಮೂರನೇ ಸಲ ಕೇಳುವವರೆಗೆ

ಅಮೆರಿಕದ ಮಿನ್ನೆಸೋಟಾ ಸರ್ಕಾರದ್ದು ಬಲು ದೊಡ್ಡ ಮನಸ್ಸು. ಬಾಕಿ ಉಳಿಸಿಕೊಂಡ ಬಡಪಾಯಿಗಳ ಮನೆ ಬೆಚ್ಚಗಿಡುವ ಗ್ಯಾಸನ್ನು ಚಳಿಗಾಲದಲ್ಲಿ ಕಡಿಯಕೂಡದು ಅಂತ ನಿಯಮವನ್ನೇ ಮಾಡಿಟ್ಟಿದೆ. ಷರತ್ತು ಒಂದೇ. ಮನೆಯವರು ತಾವಾಗಿ ಕಂಪನಿಗೆ ಫೋನ್ ಮಾಡಿ, ಕಷ್ಟ ಹೇಳಿಕೊಂಡು, ಕಂತಿಗೆ ಒಪ್ಪಬೇಕು. ಈ ನಿಯಮ ಬರೆದ ಪುಣ್ಯಾತ್ಮರು ಯಾರೋ ಏನೋ, ರೆಡ್ ನದಿಯ ಬಯಲಲ್ಲಿ ನಾರ್ವೆ ಮೂಲದವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದವರಂತೂ ಅಲ್ಲ. ಕುಡಿದಿದ್ದರೆ ಗೊತ್ತಿರುತ್ತಿತ್ತು: ಇಲ್ಲಿ ಬಾಯಿಬಿಟ್ಟು ಕೇಳುವುದಕ್ಕಿಂತ ಸೆಟೆದು ಸಾಯುವುದು ಮರ್ಯಾದೆ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲ, "ಅಯ್ಯೋ, ಇಷ್ಟು ಬಲವಂತ ಮಾಡ್ತೀರಲ್ಲಾ" ಅಂತ ಗೊಣಗಿಕೊಂಡು ತೆಗೆದುಕೊಳ್ಳಬೇಕು.

ಆರ್ಡಿಸ್ ಟೊಲ್ಲೆಫ್ಸನ್ ಇದನ್ನು ತಾಯಿಯ ಹಾಲಿನ ಜೊತೆಗೇ ಕುಡಿದವಳು. ಅದೂ ಮೂರನೇ ಸಲ ಕರೆದ ಮೇಲೇ ಕುಡಿದಿರಬೇಕು.

ಆ ವರ್ಷ ಸಕ್ಕರೆ ತೆಗೆಯುವ ಬೀಟ್‌ಗೆಡ್ಡೆಯ ಸುಗ್ಗಿಯಲ್ಲಿ ಅವಳ ಗಂಡ ವರ್ಲಿನ್ ಸಕ್ಕರೆ ಕಾರ್ಖಾನೆಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಶಾಲೆಯ ಅಡುಗೆಮನೆಯಲ್ಲಿ ಆರ್ಡಿಸ್‌ಗೆ ಬರುವ ಸಂಬಳ ಔಷಧಿಗೇ ಸರಿಹೋಗುತ್ತಿತ್ತು. ಗ್ಯಾಸಿನ ಬಾಕಿ ಬೆಳೆಯಿತು. ವಾರಗಟ್ಟಲೆ ಧೈರ್ಯ ಕೂಡಿಸಿಕೊಂಡು, ಭಾನುವಾರದ ಒಳ್ಳೆ ಸ್ವೆಟರ್ ಹಾಕಿಕೊಂಡು, ತಲೆ ಬಾಚಿಕೊಂಡು, ಅವಳು ಫೋನ್ ಮಾಡಿದಳು.

ಆ ಕಡೆಯ ಹುಡುಗಿ ಕೂತಿದ್ದದ್ದು ಎಲ್ಲೋ ದಕ್ಷಿಣದ, ಹಿಮವನ್ನು ಚಿತ್ರದಲ್ಲಷ್ಟೇ ನೋಡುವ ಊರಲ್ಲಿ.

"ಮೇಡಂ, ನಿಮ್ಮ ಮನೆ ಚಳಿಗಾಲದ ರಕ್ಷಣೆಗೆ ಬರುತ್ತೆ. ಬೇಕಾ?"

ಆರ್ಡಿಸ್‌ಗೆ ಕಣ್ಣಲ್ಲಿ ನೀರೇ ಬಂತು. ಸಂತೋಷದಿಂದ ಅವಳ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಅಯ್ಯೋ, ಬೇಡಮ್ಮ, ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ."

"ಸರಿ ಮೇಡಂ. ಬೇರೇನಾದರೂ ಸಹಾಯ ಬೇಕಾ?"

ಆರ್ಡಿಸ್ ಕಾದಳು. ಅಲ್ಲಿಂದ ಕೀಬೋರ್ಡಿನ ಟಕಟಕ ಕೇಳಿಸುತ್ತಿತ್ತು. "ಇಲ್ಲ... ಅಷ್ಟೇ," ಅಂದಳು.

"ಶುಭದಿನ ಮೇಡಂ!"

ವರ್ಲಿನ್ ಮಲಗಿದ್ದಲ್ಲಿಂದಲೇ ಕೂಗಿದ. "ಏನಂದ್ರು?"

"ಒಂದೇ ಸಲ ಕೇಳಿದ್ಲು!"

"ಒಂದೇ ಸಲಾನಾ?"

"ಒಂದೇ. ನಾನು ಬೇಡ ಅಂದೆ, ಅವಳು ಸರಿ ಅಂದ್ಲು."

ವರ್ಲಿನ್‌ಗೆ ಸೊಂಟದ ನೋವೇ ಮರೆತುಹೋಯಿತು. "ಥೂ, ಎಂಥ ಮನೆಯಲ್ಲಿ ಬೆಳೆದವಳೋ! ಮತ್ತೆ ಫೋನ್ ಮಾಡು."

"ಮತ್ತೆ ಮಾಡಿ ನಾನೇ ಕೇಳ್ಲಾ? ಭಿಕ್ಷೆ ಬೇಡೋರ ಥರ?"

ವರ್ಲಿನ್ ಯೋಚಿಸಿದ. "ಅದೂ ಸರಿ ಅನ್ನು," ಅಂದ.

ಇಬ್ಬರೂ ಕಂಪನಿಯೇ ಎರಡನೇ ಸಲ ಕೇಳುತ್ತದೆ ಅಂತ ಕಾದರು. ಕಂಪನಿ ಅಷ್ಟು ಸಂಸ್ಕಾರ ಇಲ್ಲದ್ದೇನಲ್ಲ. ಬಾಗಿಲಿಗೆ ಗ್ಯಾಸ್ ಕಡಿತದ ಕೆಂಪು ಚೀಟಿ ಅಂಟಿಸಿ ತನ್ನ ಕಡೆಯಿಂದಲೂ ವಿಚಾರಿಸಿಕೊಂಡಿತು.

ಕಡಿಯಲು ಬಂದವನು ಲೋವೆಲ್ ಗ್ರೊತೆ. ಇದೇ ಊರಿನವನು, ಒಂದೇ ಚರ್ಚಿನವನು, ಕ್ರಿಸ್‌ಮಸ್ ಗಾಯನದಲ್ಲಿ ಆರ್ಡಿಸ್‌ಳ ಹಿಂದಿನ ಸಾಲಲ್ಲಿ ಶ್ರುತಿ ತಪ್ಪಿ ಹಾಡುವವನು. ಹೊರಗೆ ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ. ಗ್ಯಾಸ್ ನಿಂತರೆ ಸಂಜೆಯೊಳಗೆ ನೀರು ಗಡ್ಡೆಕಟ್ಟಿ ನಲ್ಲಿಯ ಪೈಪು ಒಡೆಯುತ್ತದೆ, ಮಗ್ಗುಲು ಬದಲಿಸಲೂ ಆಗದ ವರ್ಲಿನ್‌ನನ್ನು ಎಲ್ಲಿಗೆ ಹೊರುವುದು? ಇದೆಲ್ಲ ಆರ್ಡಿಸ್‌ಗೆ ಗೊತ್ತಿತ್ತು. ಆದರೂ ಮೊದಲು ಅವಳ ಬಾಯಿಂದ ಬಂದದ್ದು, "ಕಾಫಿ ಕುಡಿ ಬಾ ಲೋವೆಲ್."

"ಬೇಡ ಬೇಡ, ಈಗಷ್ಟೇ ಕುಡಿದೆ."

"ಒಂದೇ ಗುಟುಕು."

"ಸುಮ್ನೆ ನಿಮಗೆ ತೊಂದರೆ."

"ಹೆಂಗೂ ಕಾಯಿಸಿದೀನಿ."

"ಅಯ್ಯೋ, ಹಂಗಾದ್ರೆ ಅರ್ಧ ಲೋಟ."

ಲೋವೆಲ್ ಎರಡು ಲೋಟ ಕುಡಿದ. ಬೆಣ್ಣೆ ಸಕ್ಕರೆ ಸವರಿ ಸುತ್ತಿದ ಲೆಫ್ಸೆ ಎಂಬ ಆಲೂಗಡ್ಡೆ ರೊಟ್ಟಿಯನ್ನೂ ಅದೇ ಕ್ರಮದಲ್ಲಿ ಬೇಡ ಬೇಡ ಅನ್ನುತ್ತಲೇ ಮುಗಿಸಿದ. ಹವಾಮಾನ ಮಾತಾಡಿದ್ದಾಯಿತು, ಪಾದ್ರಿಯ ಹೊಸ ಟ್ರಕ್ ಬಗ್ಗೆ ಆಡಿಕೊಂಡದ್ದಾಯಿತು. ಕೊನೆಗೆ ಅವನು ಟೋಪಿಯನ್ನು ತಿರುವುತ್ತಾ, "ಹೊರಗಡೆ ಮೀಟರ್ ಹತ್ರ ನನಗೊಂದು ಸಣ್ಣ ಕೆಲಸ ಇತ್ತು," ಅಂದ. ಯಾರದೋ ಮನೆಗೆ ಬೆಂಕಿ ಇಡಲು ಬಂದವನು ಕಡ್ಡಿಪೆಟ್ಟಿಗೆ ಸಾಲ ಕೇಳಿದ ಹಾಗಿತ್ತು ಅವನ ಮುಖ.

ಆರ್ಡಿಸ್ ಮನೆಯ ಮರ್ಯಾದೆ ಬಿಡಲಿಲ್ಲ. "ಮುಚ್ಚಿಬಿಡಪ್ಪ. ನಿನ್ನ ಕೆಲಸ ನೀನು ಮಾಡಬೇಕಲ್ಲ."

"ಛೇ ಛೇ, ಬೇಡ. ಆತುರ ಏನಿಲ್ಲ. ನೀವು ಅವರಿಗೊಂದು ಫೋನ್ ಮಾಡಿದ್ರೆ—"

"ಯಾರಿಗ್ಯಾಕೆ ತೊಂದರೆ? ಮುಚ್ಚಿಬಿಡು. ನಮ್ಮತ್ರ ಕಂಬಳಿ ಬೇಕಾದಷ್ಟಿವೆ."

"ಬೇಡ ಆರ್ಡಿಸ್, ನನಗೆ ಸರಿ ಅನ್ನಿಸಲ್ಲ," ಅಂದ ಲೋವೆಲ್. ಅಂದವನು ಟೋಪಿ ತಿರುವುವುದನ್ನು ನಿಲ್ಲಿಸಿ, ಅವಳನ್ನೇ ನೋಡುತ್ತಾ, ಪಾಪ, ಕಾದ.

ಆರ್ಡಿಸ್ ಬಾಯಿ ತೆರೆದಳು.

"ಮೂರನೇ ಸಲ ಹೇಳಬೇಡ!" ಒಳಕೋಣೆಯಿಂದ ವರ್ಲಿನ್ ಅರಚಿದ. "ಅವನು ಒಪ್ಪಿಕೊಂಡುಬಿಡ್ತಾನೆ!"

ಲೋವೆಲ್‌ನ ಕಿವಿ ಕೆಂಪಾಯಿತು. ಒಪ್ಪಿಕೊಳ್ಳುವುದು ಬಿಟ್ಟು ಅವನಿಗೂ ಬೇರೆ ದಾರಿ ಇರಲಿಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು. ಆರ್ಡಿಸ್ ತೆರೆದ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

"ಫೋನ್ ಮಾಡೇ ಪುಣ್ಯಾತ್ಗಿತ್ತಿ!" ವರ್ಲಿನ್ ಬಿಡಲಿಲ್ಲ. "ನಾನು ಇಲ್ಲೇ ಐಸ್‌ಕ್ರೀಮ್ ಆದ್ಮೇಲೆ ಮರ್ಯಾದೆ ಇಟ್ಕೊಂಡು ಏನ್ಮಾಡ್ತೀಯ? ಅದನ್ನೂ ನೆಂಟರಿಗೆ ಹಂಚ್ತೀಯಾ?"

"ಇವನ ಎದುರಿಗಾ?"

"ನಾನು ಆ ಕಡೆ ತಿರುಗ್ತೀನಿ," ಅಂದ ಲೋವೆಲ್. ನಿಜವಾಗಿಯೂ ಗೋಡೆಗೆ ಮುಖ ಮಾಡಿ ನಿಂತ. ಬಟ್ಟೆ ಬದಲಿಸುವವರ ಕೋಣೆಗೆ ತಪ್ಪಿ ಬಂದವನ ಹಾಗೆ.

ಆರ್ಡಿಸ್ ನಂಬರ್ ಒತ್ತಿದಳು. ಸಂಗೀತ ಬಂತು, ಮುಗಿಯಿತು, ಮತ್ತೆ ಬಂತು. ಕೊನೆಗೊಬ್ಬ ಹುಡುಗ ಲೆಕ್ಕ ನೋಡಿ, "ಮೇಡಂ, ಹೋದ ಸಲ ರಕ್ಷಣೆ ಬೇಡ ಅಂದಿದೀರ ಅಂತ ಇಲ್ಲಿದೆ. ಈಗ ಬೇಕಾ?" ಅಂದ.

"ಅಯ್ಯೋ, ಅದು..." ನಾಲಿಗೆ ತನ್ನ ಹಳೆಯ ಹಾದಿ ಹಿಡಿಯಿತು. "ನಮಗಿಂತ ಕಷ್ಟದಲ್ಲಿ..."

ಲೋವೆಲ್ ಗೋಡೆಗೆ ಕೆಮ್ಮಿದ. ವರ್ಲಿನ್ ಮಂಚದ ಅಂಚಿಗೆ ಗುದ್ದಿದ.

"ಮೇಡಂ? ಬೇಡ ಅಂತ ಹಾಕ್ಲಾ?"

ಆರ್ಡಿಸ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತಾಯಿ ನೆನಪಾದಳು, ಅಜ್ಜಿ ನೆನಪಾದಳು, ಸಮುದ್ರ ದಾಟಿ ಬಂದ ಮುತ್ತಜ್ಜಿಯೂ ನೆನಪಾದಳು. ಎಲ್ಲರೂ ಸಾಲಾಗಿ ನಿಂತು ತಲೆ ಅಲ್ಲಾಡಿಸುತ್ತಿದ್ದರು.

"ಬೇಕು," ಅಂದಳು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಹುಡುಗ ಕಂತು ಎಷ್ಟಾದರೆ ಆಗುತ್ತೆ ಅಂತ ಕೇಳಿದ, ಅವಳು ಹೇಳಿದಳು, ಅವನು ಸರಿ ಅಂದ, ಲೋವೆಲ್‌ಗೆ ಕೆಲಸ ರದ್ದು ಅಂತ ಸಂದೇಶ ಬಂತು. ನೆಲಮಾಳಿಗೆಯಲ್ಲಿ ಫರ್ನೇಸ್ ಬುಸ್ಸೆಂದು ಹೊತ್ತಿಕೊಂಡು ನೆಲದ ಜಾಲರಿಯಿಂದ ಬಿಸಿಗಾಳಿ ಎದ್ದಿತು. ಆರ್ಡಿಸ್ ಅದರ ಮೇಲೆ ಕಾಲಿಟ್ಟುಕೊಂಡು ಸುಮ್ಮನೆ ನಿಂತಳು.

"ಹಂಗಾದ್ರೆ ನಾನು ಬರ್ತೀನಿ," ಅಂದ ಲೋವೆಲ್. ಹೋಗಲಿಲ್ಲ. ಈ ಊರಲ್ಲಿ 'ಬರ್ತೀನಿ' ಅಂದ ಮೇಲೆ ಹೋಗಲು ಇನ್ನೂ ಬಹಳ ಹೊತ್ತಿರುತ್ತದೆ.

"ಇನ್ನೊಂದು ಲೋಟ ಕಾಫಿ ಕೊಡ್ಲಾ?"

"ಬೇಡ ಬೇಡ, ಸಾಕು."

"ಸರಿ," ಅಂದಳು ಆರ್ಡಿಸ್, ಕಾಫಿ ಪಾತ್ರೆಯನ್ನು ವಾಪಸ್ ಒಲೆಯ ಮೇಲಿಟ್ಟು.

ಲೋವೆಲ್ ಬಾಗಿಲ ಹಿಡಿ ಹಿಡಿದುಕೊಂಡು ಹಾಗೇ ನಿಂತ. ಕಾದ. ಪಾತ್ರೆಯನ್ನು ನೋಡಿದ, ಅವಳನ್ನು ನೋಡಿದ.

ಒಳಗಿಂದ ವರ್ಲಿನ್ ನಕ್ಕ, ಸೊಂಟ ಹಿಡಿದುಕೊಂಡು ನರಳುತ್ತಲೇ ನಕ್ಕ. "ಹೋಗಪ್ಪ ಲೋವೆಲ್. ಅವಳು ಈಗ ಕಂಪನಿ ಕಡೆಯೋಳು."